ಹೆಣ್ಣುಮಕ್ಕಳ ವಾಲಿಬಾಲ್: ಒಂದು ದ್ವೀಪದ ಇತಿಹಾಸ ಮತ್ತು ನಮ್ಮ ಶಾಲೆಯ ಅಂಗಳ

ನಮ್ಮ ಸರ್ಕಾರಿ ಪ್ರೌಢಶಾಲೆ ಐವತ್ತು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದರು. ಸಮಾಜ ವಿಜ್ಞಾನದ ಮೇಡಂ ಆದ್ದರಿಂದ ನಾನು ಊರಿನ ಚರಿತ್ರೆಯನ್ನೋ ಶಾಲೆಯ ಕಟ್ಟಡದ ಚರಿತ್ರೆಯನ್ನೋ ಬರೆಯುತ್ತೇನೆಂದು ಅವರು ಎಣಿಸಿರಬಹುದು. ಅವೆರಡನ್ನೂ ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿಯೇ ಬರೆದಿದ್ದಾರೆ. ನಾನು ಆರಿಸಿಕೊಂಡಿರುವ ವಿಷಯ ಹೆಣ್ಣುಮಕ್ಕಳ ವಾಲಿಬಾಲ್ ಆಟದ ಇತಿಹಾಸ. ಅದರಲ್ಲೂ ಸಾವಿರಾರು ಮೈಲಿ ದೂರದ ಒಂದು ದ್ವೀಪದ ಕಾಲೇಜಿನಲ್ಲಿ ಆ ಆಟ ಹೇಗೆ ಬೆಳೆಯಿತು ಎಂಬ ಇತಿಹಾಸ.

ಇದೇಕೆ ಎಂದು ಕೆಲವರು ಕೇಳಬಹುದು. ನನ್ನ ಸೇವೆಯ ಬಹುಪಾಲು ವರ್ಷ ನಾನು ಈ ಶಾಲೆಯ ಹುಡುಗಿಯರ ತಂಡದ ಜೊತೆ ಕ್ರೀಡಾಕೂಟಗಳಿಗೆ ಹೋಗಿದ್ದೇನೆ. ನನಗೆ ಆಟ ಬರುತ್ತಿತ್ತೆಂದಲ್ಲ. ಹೆಣ್ಣುಮಕ್ಕಳ ತಂಡ ಹೊರಗೆ ಹೋಗುವಾಗ ಜೊತೆಗೆ ಒಬ್ಬ ಶಿಕ್ಷಕಿ ಇರಲೇಬೇಕು ಎಂಬ ನಿಯಮವಿದೆ, ಆಗ ಶಾಲೆಯಲ್ಲಿ ಇದ್ದ ಶಿಕ್ಷಕಿಯರೇ ಇಬ್ಬರು. ಹೀಗೆ ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಸುತ್ತುತ್ತಾ, ನೀರಿನ ಕ್ಯಾನ್ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ಅಂಕಣದ ಪಕ್ಕದಲ್ಲಿ ಕುಳಿತು, ಈ ಆಟದ ರುಚಿ ನನಗೂ ಹತ್ತಿತು. ಓದುವುದು ನನ್ನ ಅಭ್ಯಾಸವಾದ್ದರಿಂದ ಇದರ ಚರಿತ್ರೆಯನ್ನೂ ಹುಡುಕಿ ಓದಿದೆ. ಓದಿದ್ದರಲ್ಲಿ ನಮ್ಮ ಊರಿಗೆ ಉಪಯೋಗವಾಗುವ ಸಂಗತಿಗಳಿವೆ ಎಂದು ಅನ್ನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆಟ ಹುಟ್ಟಿದ್ದು, ನಮ್ಮಲ್ಲಿಗೆ ಬಂದದ್ದು

ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಎಂಬ ಊರಿನಲ್ಲಿ. ಹೋಲಿಯೋಕ್ ಕೂಡ ನಮ್ಮ ಪೀಣ್ಯದ ಹಾಗೆ ಕಾರ್ಖಾನೆಗಳ ಊರು, ಕಾಗದದ ಗಿರಣಿಗಳಿಗೆ ಹೆಸರಾದದ್ದು. ಅಲ್ಲಿನ ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದ ವಿಲಿಯಂ ಮಾರ್ಗನ್ ಎಂಬುವರು, ಬ್ಯಾಸ್ಕೆಟ್‌ಬಾಲ್‌ನಷ್ಟು ಓಟ ಮತ್ತು ಢಿಕ್ಕಿ ಇಲ್ಲದ, ನಡುವಯಸ್ಸಿನವರೂ ಆಡಬಹುದಾದ ಆಟವೊಂದು ಬೇಕೆಂದು ಇದನ್ನು ರೂಪಿಸಿದರು. ಅವರು ಇಟ್ಟ ಹೆಸರು ಮಿಂಟೋನೆಟ್. ಮರುವರ್ಷ ಆಟವನ್ನು ನೋಡಿದವರೊಬ್ಬರ ಸಲಹೆಯಂತೆ ಅದು ವಾಲಿಬಾಲ್ ಆಯಿತು.

ವೈ.ಎಂ.ಸಿ.ಎ. ಹೋದಲ್ಲೆಲ್ಲ ಆಟವೂ ಹೋಯಿತು. ದಕ್ಷಿಣ ಭಾರತದ ಮಟ್ಟಿಗೆ ಹ್ಯಾರಿ ಬಕ್ ಎಂಬ ಅಮೆರಿಕನ್ ಶಿಕ್ಷಕರು 1920ರಲ್ಲಿ ಮದರಾಸಿನಲ್ಲಿ ಆರಂಭಿಸಿದ ದೈಹಿಕ ಶಿಕ್ಷಣ ಕಾಲೇಜಿನ ಪಾತ್ರ ದೊಡ್ಡದು. ಅಲ್ಲಿ ತರಬೇತಿ ಪಡೆದ ಡ್ರಿಲ್ ಮಾಸ್ತರರು ಶಾಲೆಯಿಂದ ಶಾಲೆಗೆ ಆಟಗಳನ್ನು ಒಯ್ದರು. ಭಾರತ ವಾಲಿಬಾಲ್ ಫೆಡರೇಷನ್ 1951ರಲ್ಲಿ ಸ್ಥಾಪನೆಯಾಯಿತು. ನಮ್ಮ ಪುರುಷರ ತಂಡ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ, 1986ರ ಸೋಲ್ ಕೂಟದಲ್ಲಿ ಕಂಚು ಗೆದ್ದಿತು. ಮಹಿಳಾ ತಂಡಕ್ಕೆ ಏಷ್ಯನ್ ಕ್ರೀಡಾಕೂಟದ ಪದಕ ಇದುವರೆಗೆ ಸಿಕ್ಕಿಲ್ಲ.

ಹಳ್ಳಿಗಳಲ್ಲಿ ಈ ಆಟ ಬೇರೂರಿದ್ದಕ್ಕೆ ಕಾರಣ ಸರಳ. 18 ಮೀಟರ್ ಉದ್ದ, 9 ಮೀಟರ್ ಅಗಲದ ಜಾಗ ಸಾಕು. ಎರಡು ಕಂಬ, ಒಂದು ನೆಟ್, ಒಂದು ಚೆಂಡು ಇದ್ದರೆ ಹನ್ನೆರಡು ಜನ ಆಡಬಹುದು. ಸಂಜೆಯಾದರೆ ನಮ್ಮ ಸುತ್ತಿನ ಯಾವ ಊರಿಗೆ ಹೋದರೂ ದೇವಸ್ಥಾನದ ಹಿಂದೆಯೋ ಕೆರೆ ಅಂಗಳದಲ್ಲೋ ನೆಟ್ ಕಟ್ಟಿ ಆಡುವವರು ಕಾಣುತ್ತಿದ್ದರು. ಲಿಫ್ಟರ್ ಯಾರು, ಸ್ಮ್ಯಾಶರ್ ಯಾರು ಎಂದು ಊರಿಗೆ ಊರೇ ಬಲ್ಲುದು. ಆದರೆ ಹೀಗೆ ಆಡುತ್ತಿದ್ದವರೆಲ್ಲ ಗಂಡಸರೇ. ಮಹಿಳೆಯರಿಗೆ ನೆಟ್ಟಿನ ಎತ್ತರ 2.24 ಮೀಟರ್, ಪುರುಷರಿಗೆ 2.43 ಮೀಟರ್ ಎಂದು ನಿಯಮ ಪುಸ್ತಕದಲ್ಲಿದೆ. ಊರಿನ ಕಂಬಗಳಲ್ಲಿ ಕೆಳಗಿನ ಕೊಕ್ಕೆಯನ್ನು ಯಾರೂ ಹಾಕಿಸಿರಲಿಲ್ಲ.

ಗಿರಣಿಯ ಹುಡುಗಿಯರು

ಹೆಣ್ಣುಮಕ್ಕಳ ವಾಲಿಬಾಲ್ ಜಗತ್ತಿನ ಕಣ್ಣಿಗೆ ಬಿದ್ದದ್ದು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ. ವಾಲಿಬಾಲ್ ಒಲಿಂಪಿಕ್ಸ್‌ಗೆ ಸೇರಿದ್ದು ಆ ವರ್ಷವೇ, ಪುರುಷರ ಜೊತೆಗೆ ಮಹಿಳೆಯರಿಗೂ. ಅಕ್ಟೋಬರ್ 23ರಂದು ಜಪಾನಿನ ಮಹಿಳೆಯರು ಸೋವಿಯತ್ ಒಕ್ಕೂಟವನ್ನು ನೇರ ಮೂರು ಸೆಟ್‌ಗಳಲ್ಲಿ ಸೋಲಿಸಿ ಚಿನ್ನ ಗೆದ್ದರು. ಆ ಪಂದ್ಯದ ಟಿ.ವಿ. ಪ್ರಸಾರವನ್ನು ಟೋಕಿಯೊ ಪ್ರದೇಶದಲ್ಲಿ ಶೇ. 66.8ರಷ್ಟು ಮನೆಗಳು ನೋಡಿದವು.

ಆ ತಂಡದ ಬಹುಪಾಲು ಆಟಗಾರ್ತಿಯರು ಒಸಾಕಾ ಬಳಿಯ ಕೈಜುಕಾ ಎಂಬ ಊರಿನ ನಿಚಿಬೊ ನೂಲಿನ ಗಿರಣಿಯ ನೌಕರರು. ಹಗಲು ಗಿರಣಿಯಲ್ಲಿ ಕೆಲಸ, ಆಮೇಲೆ ರಾತ್ರಿ ಬಹಳ ಹೊತ್ತಿನವರೆಗೆ ಅಭ್ಯಾಸ. ತರಬೇತುದಾರ ದೈಮತ್ಸು ಹಿರೊಬುಮಿ ಅವರು ನೆಲಕ್ಕೆ ಉರುಳಿ ಚೆಂಡನ್ನು ಎತ್ತಿ, ಅದೇ ಉರುಳಿನಲ್ಲಿ ಎದ್ದು ನಿಲ್ಲುವ ವಿಧಾನವನ್ನು ಕಲಿಸಿದರು. ಎತ್ತರದಲ್ಲಿ ಕಡಿಮೆಯಿದ್ದ ಹುಡುಗಿಯರು ಎತ್ತರದ ಎದುರಾಳಿಗಳ ಹೊಡೆತವನ್ನು ಹೀಗೆ ತಡೆದರು. ನಾಯಕಿ ಕಸಾಯಿ ಮಸಾಯೆ ಅವರಿಗೆ ಆಗ 31 ವರ್ಷ. ಒಲಿಂಪಿಕ್ಸ್ ಮುಗಿಯುವವರೆಗೆ ಮದುವೆಯನ್ನು ಮುಂದಕ್ಕೆ ಹಾಕಿ ಆಡಿದವರು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ನಮ್ಮ ಹುಡುಗಿಯರು ಕಣ್ಣರಳಿಸಿ ಕೇಳುತ್ತಿದ್ದರು. ಏಕೆಂದರೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಅವರ ತಾಯಂದಿರೇ ದುಡಿಯುತ್ತಿದ್ದರು. ಬಟ್ಟೆ ಕಾರ್ಖಾನೆಯ ಹೆಂಗಸರೂ ಒಲಿಂಪಿಕ್ಸ್ ಗೆಲ್ಲಬಹುದೇ ಎಂದು ಒಬ್ಬಳು ಕೇಳಿದ್ದು ನೆನಪಿದೆ. ಗೆದ್ದಿದ್ದಾರೆ ಎಂದೆ. ಆದರೆ ಆ ಚರಿತ್ರೆಯಲ್ಲಿ ಎಚ್ಚರಿಕೆಯೂ ಇದೆ. ದೈಮತ್ಸು ಅವರ ತರಬೇತಿ ಬಹಳ ಕಠೋರವಾಗಿತ್ತು, ಅದನ್ನು ಟೀಕಿಸಿದವರು ಜಪಾನಿನಲ್ಲೇ ಇದ್ದರು. ತಂಡದ ಉಳಿವೂ ಕಂಪನಿಯ ಇಚ್ಛೆಯ ಮೇಲೆ ನಿಂತಿತ್ತು. ಆದ್ದರಿಂದ ನಮಗೆ ಮಾದರಿಯಾಗಿ ನಾನು ಬೇರೆ ಊರನ್ನು ಆರಿಸಿಕೊಳ್ಳುತ್ತೇನೆ. ಅಲ್ಲಿ ಆಟ ನಿಂತದ್ದು ಕಂಪನಿಯ ಮೇಲಲ್ಲ, ಒಂದು ಸರ್ಕಾರಿ ವಿದ್ಯಾಸಂಸ್ಥೆ ಮತ್ತು ಅದರ ಸುತ್ತಲಿನ ಜನರ ಮೇಲೆ.

ಹವಾಯಿಯ ಕಬ್ಬಿನ ತೋಟಗಳಿಂದ ಒಂದು ಕಾನೂನು

ಹವಾಯಿ ಪೆಸಿಫಿಕ್ ಸಾಗರದ ನಡುವಿನ ದ್ವೀಪಸಮೂಹ. ಅಮೆರಿಕದ ಕ್ಯಾಲಿಫೋರ್ನಿಯಾ ತೀರದಿಂದ ಸುಮಾರು 4 ಸಾವಿರ ಕಿ.ಮೀ. ದೂರ. ಒಂದು ಕಾಲದಲ್ಲಿ ಅದು ಸ್ವತಂತ್ರ ರಾಜ್ಯ. 1898ರಲ್ಲಿ ಅಮೆರಿಕ ಅದನ್ನು ಸೇರಿಸಿಕೊಂಡಿತು, 1959ರಲ್ಲಿ 50ನೆಯ ರಾಜ್ಯವಾಯಿತು. ಅಲ್ಲಿನ ಕಬ್ಬು ಮತ್ತು ಅನಾನಸ್ ತೋಟಗಳಿಗೆ ಜಪಾನ್, ಚೀನಾ, ಫಿಲಿಪ್ಪೀನ್ಸ್, ಪೋರ್ಚುಗಲ್ ಮುಂತಾದ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಮೂಲನಿವಾಸಿಗಳೊಡನೆ ಬೆರೆತು ಇಂದಿನ ಸಮಾಜ ಆಗಿದೆ. ಬೇರೆ ಬೇರೆ ಜಿಲ್ಲೆ, ಬೇರೆ ಬೇರೆ ರಾಜ್ಯಗಳಿಂದ ಕೆಲಸ ಹುಡುಕಿ ಬಂದವರಿಂದ ತುಂಬಿದ ನಮ್ಮ ಪೀಣ್ಯ ದಾಸರಹಳ್ಳಿಯ ಕಡೆಯವರಿಗೆ ಇದು ಅಪರಿಚಿತವೆನಿಸದು.

ಆ ತೋಟಗಳ ಒಂದು ಕುಟುಂಬದಲ್ಲಿ, ಮಾಯಿ ಎಂಬ ದ್ವೀಪದಲ್ಲಿ, 1927ರಲ್ಲಿ ಹುಟ್ಟಿದವರು ಪ್ಯಾಟ್ಸಿ ಮಿಂಕ್. ಜಪಾನಿನಿಂದ ವಲಸೆ ಬಂದವರ ಮೊಮ್ಮಗಳು. ವೈದ್ಯೆಯಾಗಬೇಕೆಂದು ಆಸೆಪಟ್ಟು ಹಲವು ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕಿದರು. ಯಾವುದೂ ಸೇರಿಸಿಕೊಳ್ಳಲಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವೇ ಕಡಿಮೆಯಿದ್ದ ಕಾಲ. ಅವರು ಕಾನೂನು ಓದಿ, ರಾಜಕೀಯ ಸೇರಿ, 1964ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಆರಿಸಿಬಂದರು. ಬಿಳಿಯರಲ್ಲದ ಮಹಿಳೆಯೊಬ್ಬರು ಆ ಸಭೆಗೆ ಆರಿಸಿಬಂದದ್ದು ಅದೇ ಮೊದಲು.

1972ರ ಜೂನ್ 23ರಂದು ಅಮೆರಿಕದಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಒಂದು ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಅದರ ಒಂಬತ್ತನೆಯ ಭಾಗವನ್ನು ರೂಪಿಸಿ, ಅದಕ್ಕಾಗಿ ಹೋರಾಡಿದವರಲ್ಲಿ ಮಿಂಕ್ ಪ್ರಮುಖರು. ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು, ಸೌಲಭ್ಯ ನಿರಾಕರಿಸಬಾರದು ಎಂಬುದು ಅದರ ಸಾರ. ಇಂಗ್ಲಿಷಿನಲ್ಲಿ ಅದು ಕೇವಲ 37 ಪದಗಳ ವಾಕ್ಯ. ಅದರಲ್ಲಿ ಆಟ ಎಂಬ ಮಾತೇ ಇಲ್ಲ. ಆದರೆ ಶಾಲಾ ಕಾಲೇಜುಗಳ ಆಟದ ಮೈದಾನವೂ ಶಿಕ್ಷಣದ ಭಾಗವೇ ಆದ್ದರಿಂದ ಅದು ಅಲ್ಲಿಗೂ ಅನ್ವಯವಾಯಿತು. 1971-72ರಲ್ಲಿ ಅಮೆರಿಕದ ಪ್ರೌಢಶಾಲೆಗಳಲ್ಲಿ ಆಟಗಳ ತಂಡದಲ್ಲಿದ್ದ ಹುಡುಗಿಯರು 2.94 ಲಕ್ಷ. ಇಂದು ಆ ಸಂಖ್ಯೆ 30 ಲಕ್ಷ ದಾಟಿದೆ. ಮಿಂಕ್ 2002ರಲ್ಲಿ ತೀರಿಕೊಂಡ ಮೇಲೆ ಆ ಕಾನೂನಿಗೆ ಅವರ ಹೆಸರನ್ನೇ ಇಟ್ಟರು.

ಹಟ ಹಿಡಿದ ಒಬ್ಬ ಆಡಳಿತಗಾರ್ತಿ

ಕಾನೂನು ಬಂದ ಮಾತ್ರಕ್ಕೆ ಮೈದಾನ ಸಿಗುವುದಿಲ್ಲ, ಇದು ನಮಗೆಲ್ಲ ಗೊತ್ತು. ಹವಾಯಿ ವಿಶ್ವವಿದ್ಯಾಲಯದಲ್ಲಿ ಅದನ್ನು ದೊರಕಿಸಿಕೊಟ್ಟವರು ಡಾನಿಸ್ ಥಾಂಪ್ಸನ್. ಷಿಕಾಗೊ ನಗರದ ಆಫ್ರಿಕನ್ ಅಮೆರಿಕನ್ ಮಹಿಳೆ. 1961ರಲ್ಲಿ ಹವಾಯಿಗೆ ಬಂದು ದೈಹಿಕ ಶಿಕ್ಷಣ ಕಲಿಸುತ್ತಾ ಹುಡುಗಿಯರಿಗೆ ಓಟದ ತರಬೇತಿ ಕೊಡುತ್ತಿದ್ದರು. 1972ರಲ್ಲಿ ವಿಶ್ವವಿದ್ಯಾಲಯದ ಮಹಿಳಾ ಕ್ರೀಡಾ ವಿಭಾಗದ ಮೊದಲ ನಿರ್ದೇಶಕಿಯಾದರು. ಅವರಿಗೆ ಸಿಕ್ಕ ಆರಂಭದ ಹಣ ಸುಮಾರು 5 ಸಾವಿರ ಡಾಲರ್. ಅದರಲ್ಲಿ ಓಟ ಮತ್ತು ವಾಲಿಬಾಲ್ ಎರಡನ್ನೂ ನಡೆಸಬೇಕು.

ವಾಲಿಬಾಲ್ ಅನ್ನು ಅವರು ಆರಿಸಿದ್ದಕ್ಕೆ ಕಾರಣವಿತ್ತು. ಆ ದ್ವೀಪಗಳಲ್ಲಿ ಈ ಆಟ ಮೊದಲೇ ಜನರ ಆಟವಾಗಿತ್ತು. ವೈಕಿಕಿ ಕಡಲ ತೀರದ ಮರಳಿನಲ್ಲಿ 1915ರ ಸುಮಾರಿಗೇ ನೆಟ್ ಕಟ್ಟಿ ಆಡುತ್ತಿದ್ದರು. ಅಜ್ಜಂದಿರಿಂದ ಮೊಮ್ಮಕ್ಕಳವರೆಗೆ ಎಲ್ಲರಿಗೂ ನಿಯಮ ಗೊತ್ತು. ಹೊಸ ಆಟವನ್ನು ಹೊರಗಿನಿಂದ ತರುವ ಬದಲು ಊರಿಗೆ ಗೊತ್ತಿರುವ ಆಟವನ್ನೇ ಹುಡುಗಿಯರಿಗೆ ಕೊಟ್ಟರು.

ಮೊದಲ ತರಬೇತುದಾರ ಅಲನ್ ಕಾಂಗ್. 1974ರಲ್ಲಿ ಅವರ ತಂಡ ರಾಷ್ಟ್ರಮಟ್ಟದ ಫೈನಲ್‌ಗೆ ಹೋಗಿ ಸೋತಿತು. 1975ರಲ್ಲಿ ಥಾಂಪ್ಸನ್ ಅವರು ಡೇವ್ ಶೋಜಿ ಎಂಬ, ಇನ್ನೂ ಮೂವತ್ತು ತುಂಬದ ಯುವಕನನ್ನು ಅರೆಕಾಲಿಕ ತರಬೇತುದಾರನನ್ನಾಗಿ ನೇಮಿಸಿದರು. ಜಪಾನೀ ಮೂಲದ ಕುಟುಂಬ, ತಂದೆ ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವರು. ಅರೆಕಾಲಿಕ ಕೆಲಸವಾದ್ದರಿಂದ ಸಂಬಳ ಅತ್ಯಲ್ಪ. ನಮ್ಮ ಅತಿಥಿ ಶಿಕ್ಷಕರನ್ನು ನೆನಪಿಸುವಂಥ ನೇಮಕ.

ಥಾಂಪ್ಸನ್ ಅವರ ಇನ್ನೊಂದು ನಿರ್ಧಾರ ನನಗೆ ಬಹಳ ಇಷ್ಟ. ಆಗ ಹುಡುಗಿಯರು ಆಡುತ್ತಿದ್ದುದು ಕ್ಯಾಂಪಸ್ಸಿನ ಹಳೆಯ ಜಿಮ್‌ನಲ್ಲಿ, ಸೆಕೆಯಲ್ಲಿ. 1976ರಲ್ಲಿ ಅವರು ಹೊನೊಲುಲು ನಗರದ ದೊಡ್ಡ ಒಳಾಂಗಣವನ್ನು ಬಾಡಿಗೆಗೆ ಹಿಡಿದು, ಆಗಿನ ಬಲಿಷ್ಠ ತಂಡವಾದ ಯು.ಸಿ.ಎಲ್.ಎ.ಯನ್ನು ಕರೆಸಿ, ಟಿಕೆಟ್ ಇಟ್ಟು ಪಂದ್ಯ ನಡೆಸಿದರು. ಹೆಂಗಸರ ಆಟಕ್ಕೆ ದುಡ್ಡು ಕೊಟ್ಟು ಯಾರು ಬರುತ್ತಾರೆ ಎಂಬುದೇ ಆ ಕಾಲದ ಸಾಮಾನ್ಯ ಅಭಿಪ್ರಾಯ. ಬಂದವರು ಏಳು ಸಾವಿರಕ್ಕೂ ಹೆಚ್ಚು. ಹೆಣ್ಣುಮಕ್ಕಳ ಆಟ ಖರ್ಚಿನ ಬಾಬ್ತು ಮಾತ್ರವಲ್ಲ, ತನ್ನ ಖರ್ಚನ್ನು ತಾನೇ ದುಡಿಯಬಲ್ಲದು ಎಂದು ಅಂದು ಎಲ್ಲರಿಗೂ ಗೊತ್ತಾಯಿತು. ಇದೇ ಥಾಂಪ್ಸನ್ ಅವರು ಮುಂದೆ 1981ರಲ್ಲಿ ಹವಾಯಿ ರಾಜ್ಯದ ಇಡೀ ಶಾಲಾ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರೇ.

ಸೋಲುಗಳ ಮೇಲೆ ಕಟ್ಟಿದ ಗೆಲುವು

ಹವಾಯಿ ಭಾಷೆಯಲ್ಲಿ ವಹೀನೆ ಎಂದರೆ ಹೆಂಗಸು. ಈ ತಂಡದ ಹೆಸರು ರೇನ್‌ಬೋ ವಹೀನೆ, ಕಾಮನಬಿಲ್ಲಿನ ಹೆಣ್ಣುಮಕ್ಕಳು ಎಂದು ಅರ್ಥ ಮಾಡಿಕೊಳ್ಳಬಹುದು. 1974, 1975, 1977, ಈ ಮೂರು ವರ್ಷ ಅವರು ರಾಷ್ಟ್ರೀಯ ಫೈನಲ್‌ನಲ್ಲಿ ಸೋತರು. 1979ರಲ್ಲಿ ಯೂಟಾ ಸ್ಟೇಟ್ ತಂಡವನ್ನು ಸೋಲಿಸಿ ಮೊದಲ ಬಾರಿ ಚಾಂಪಿಯನ್ ಆದರು.

ಆಗ ಅಮೆರಿಕದ ಕಾಲೇಜು ಮಹಿಳಾ ಕ್ರೀಡೆಗಳನ್ನು ನಡೆಸುತ್ತಿದ್ದುದು ಮಹಿಳೆಯರೇ 1971ರಲ್ಲಿ ಕಟ್ಟಿಕೊಂಡಿದ್ದ ಪ್ರತ್ಯೇಕ ಸಂಘ. 1981ರಿಂದ ಪುರುಷರ ಕ್ರೀಡೆಗಳನ್ನು ನಡೆಸುತ್ತಿದ್ದ ಎನ್.ಸಿ.ಎ.ಎ. ಎಂಬ ದೊಡ್ಡ ಸಂಸ್ಥೆಯೇ ಮಹಿಳೆಯರ ವಾಲಿಬಾಲ್ ಚಾಂಪಿಯನ್‌ಷಿಪ್ ಅನ್ನೂ ಆರಂಭಿಸಿತು. ಹೊಸ ವ್ಯವಸ್ಥೆಯಲ್ಲಿಯೂ ಹವಾಯಿ ಹಿಂದುಳಿಯಲಿಲ್ಲ. 1982ರ ಫೈನಲ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡದ ಎದುರು ಮೊದಲ ಎರಡು ಸೆಟ್ ಸೋತು, ಉಳಿದ ಮೂರನ್ನೂ ಗೆದ್ದು ಪ್ರಶಸ್ತಿ ಪಡೆದರು. 1983ರಲ್ಲಿ ಯು.ಸಿ.ಎಲ್.ಎ.ಯನ್ನು, 1987ರಲ್ಲಿ ಸ್ಟ್ಯಾನ್‌ಫರ್ಡ್ ತಂಡವನ್ನು ಸೋಲಿಸಿ ಮತ್ತೆ ಚಾಂಪಿಯನ್ ಆದರು. ಹೀಗೆ ಒಟ್ಟು ನಾಲ್ಕು ರಾಷ್ಟ್ರೀಯ ಪ್ರಶಸ್ತಿಗಳು. ಎಂಬತ್ತರ ದಶಕದ ಆ ತಂಡಗಳ ಡೀಟ್ರಾ ಕಾಲಿನ್ಸ್ ಅವರಿಗೆ 1983ರಲ್ಲಿ, ಎಲ್ಲ ಆಟಗಳನ್ನೂ ಪರಿಗಣಿಸಿ ವರ್ಷದ ಶ್ರೇಷ್ಠ ಕಾಲೇಜು ಕ್ರೀಡಾಪಟುವಿಗೆ ಕೊಡುವ ಪ್ರಶಸ್ತಿ ಬಂತು.

ಆಟದ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಆಗಿನ ನಿಯಮದಲ್ಲಿ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್ ಸಿಗುತ್ತಿತ್ತು, ಸೆಟ್ 15 ಪಾಯಿಂಟಿಗೆ ಮುಗಿಯುತ್ತಿತ್ತು. ಎರಡು ಸೆಟ್ ಸೋತ ತಂಡ ಮತ್ತೆ ಮೂರು ಗೆಲ್ಲುವುದೆಂದರೆ ಪ್ರತಿ ಸರ್ವ್‌ಗಾಗಿ ಮತ್ತೆ ಮತ್ತೆ ಹೋರಾಡಬೇಕಿತ್ತು. ಪ್ರತಿ ಚೆಂಡಿಗೂ ಒಂದು ಪಾಯಿಂಟ್, 25ಕ್ಕೆ ಸೆಟ್ ಎಂಬ ಈಗಿನ ಪದ್ಧತಿ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಿಂದಿನವರು ಹಳೆಯ ಪದ್ಧತಿಯಲ್ಲಿ, ಈಚಿನವರು ಹೊಸ ಪದ್ಧತಿಯಲ್ಲಿ ಆಡಿದವರು.

1994ರಲ್ಲಿ ಹವಾಯಿ ವಿಶ್ವವಿದ್ಯಾಲಯ 10 ಸಾವಿರ ಜನ ಕೂರುವ ಹೊಸ ಒಳಾಂಗಣ ಕಟ್ಟಿತು. ಮಹಿಳಾ ವಾಲಿಬಾಲ್ ಪಂದ್ಯಗಳಿಗೆ ಅದು ತುಂಬುತ್ತಿತ್ತು. ಪ್ರೇಕ್ಷಕರ ಸಂಖ್ಯೆಯಲ್ಲಿ ಆ ತಂಡ ಅನೇಕ ವರ್ಷ ಇಡೀ ದೇಶಕ್ಕೆ ಮೊದಲ ಸ್ಥಾನದಲ್ಲಿತ್ತು. ಡೇವ್ ಶೋಜಿ ಅರೆಕಾಲಿಕವಾಗಿ ಬಂದವರು 42 ಋತು ಅಲ್ಲಿಯೇ ಉಳಿದರು. 2017ರಲ್ಲಿ ನಿವೃತ್ತರಾದಾಗ ಅವರ ತಂಡ ಗೆದ್ದಿದ್ದ ಪಂದ್ಯಗಳು 1,202. ಅವರ ಸ್ಥಾನಕ್ಕೆ ಬಂದವರು ರಾಬಿನ್ ಆ ಮೌ. ಅದೇ ದ್ವೀಪದ ಹುಡುಗಿ, ಅದೇ ತಂಡದ ಲಿಫ್ಟರ್ ಆಗಿದ್ದವರು, ಮೂರು ಒಲಿಂಪಿಕ್ಸ್ ಆಡಿ 2008ರ ಬೀಜಿಂಗ್‌ನಲ್ಲಿ ಬೆಳ್ಳಿ ಗೆದ್ದವರು.

ಇಂದು ಅಮೆರಿಕದಲ್ಲಿ ಈ ಆಟ ಇನ್ನೂ ದೊಡ್ಡದಾಗಿದೆ. 2023ರ ಆಗಸ್ಟ್ 30ರಂದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ನಡುವೆ ಅಂಕಣ ಹಾಸಿ ಆಡಿದ ಮಹಿಳಾ ವಾಲಿಬಾಲ್ ಪಂದ್ಯಕ್ಕೆ 92,003 ಜನ ಸೇರಿದ್ದರು. 2024ರ ಡಿಸೆಂಬರಿನಲ್ಲಿ ಪೆನ್ ಸ್ಟೇಟ್ ತಂಡ ಪ್ರಶಸ್ತಿ ಗೆದ್ದಾಗ, ಮಹಿಳೆಯೊಬ್ಬರ ತರಬೇತಿಯಲ್ಲಿ ತಂಡವೊಂದು ಆ ಉನ್ನತ ದರ್ಜೆಯ ಪ್ರಶಸ್ತಿ ಗೆದ್ದದ್ದು ಅದೇ ಮೊದಲಾಯಿತು. ಕಾನೂನು ಬಂದು 52 ವರ್ಷಗಳ ನಂತರ! ಅಲ್ಲಿಯೂ ಎಲ್ಲವೂ ಬೇಗ ಆಗಲಿಲ್ಲ.

ನಮ್ಮ ಅಂಗಳದಲ್ಲಿ

ಈಗ ನಮ್ಮ ಊರಿಗೆ ಬರೋಣ. ನಮ್ಮ ಶಾಲೆಯ ಐವತ್ತು ವರ್ಷ ಮತ್ತು ಪೀಣ್ಯ ಕೈಗಾರಿಕಾ ಪ್ರದೇಶದ ಬೆಳವಣಿಗೆ ಒಟ್ಟೊಟ್ಟಿಗೆ ನಡೆದವು. ಅದಕ್ಕೂ ಮೊದಲೇ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಬಂದಿದ್ದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಆದಾಗ ನಮ್ಮ ಕಡೆಯ ಹೆಣ್ಣುಮಕ್ಕಳೂ ಸಮವಸ್ತ್ರ ಧರಿಸಿ ಕೆಲಸಕ್ಕೆ ಹೋದರು. ಆಮೇಲೆ ಸಣ್ಣ ಕೈಗಾರಿಕೆಗಳು, ಅವುಗಳ ಹಿಂದೆ ಗಾರ್ಮೆಂಟ್ಸ್ ಬಂದವು. 1978ರ ಸುಮಾರಿಗೆ ನಗರದ ಇನ್ನೊಂದು ತುದಿಯ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡ್ ಕೂಡ ಬದಲಾಯಿತು. ಇಂದು ನಮ್ಮ ಹಳೆಯ ವಿದ್ಯಾರ್ಥಿಗಳು ಈ ಮೂರೂ ಕಡೆ ಕೆಲಸದಲ್ಲಿದ್ದಾರೆ. ಹೊಲಗಳು ಹೋದವು, ಕೆರೆ ಅಂಗಳಗಳು ಹೋದವು. ಊರಿನಲ್ಲಿ ನೆಟ್ ಕಟ್ಟಬಹುದಾದ ಜಾಗ ಈಗ ಉಳಿದಿರುವುದು ನಮ್ಮ ಶಾಲೆಯ ಅಂಗಳ ಒಂದೇ.

ನಾನು ತೊಂಬತ್ತರ ದಶಕದ ಮೊದಲಲ್ಲಿ ಇಲ್ಲಿಗೆ ವರ್ಗವಾಗಿ ಬಂದಾಗ ಹುಡುಗಿಯರಿಗೆ ಥ್ರೋಬಾಲ್ ಮತ್ತು ಖೋಖೋ ಮಾತ್ರ ಇತ್ತು. ಆಗಿನ ದೈಹಿಕ ಶಿಕ್ಷಕರು ಹುಡುಗಿಯರಿಗೂ ವಾಲಿಬಾಲ್ ಕಲಿಸಲು ಮುಂದಾದರು. ಕಂಬಗಳನ್ನು ಪೀಣ್ಯದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ದುಡ್ಡು ತೆಗೆದುಕೊಳ್ಳದೆ ಮಾಡಿಕೊಟ್ಟರು. ಅವಕ್ಕೆ ಎರಡು ಕೊಕ್ಕೆ ಇದ್ದವು, ಮೇಲಿನದು ಹುಡುಗರಿಗೆ, ಕೆಳಗಿನದು ಹುಡುಗಿಯರಿಗೆ. ಗೆರೆಗೆ ಸುಣ್ಣದ ಪುಡಿ. ಹುಡುಗಿಯರು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಬರಿಗಾಲಿನಲ್ಲಿ ಆಡಿದರು.

ಎಲ್ಲಕ್ಕಿಂತ ದೊಡ್ಡ ತೊಡಕು ಸಮಯದ್ದು. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟರೆ ಹುಡುಗರು ಕತ್ತಲಾಗುವವರೆಗೆ ಆಡುತ್ತಿದ್ದರು. ಹುಡುಗಿಯರು ಮನೆಗೆ ಓಡಬೇಕು. ತಾಯಿ ಗಾರ್ಮೆಂಟ್ಸ್‌ನಿಂದ ಬರುವುದು ಏಳು ಗಂಟೆಗೆ, ಅಷ್ಟರಲ್ಲಿ ನೀರು ಹಿಡಿಯಬೇಕು, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು, ಅನ್ನ ಇಡಬೇಕು. ಮನೆಮನೆಗೆ ಹೋಗಿ ತಾಯಂದಿರ ಜೊತೆ ಮಾತಾಡಿದ ಮೇಲೆ ನಮಗೆ ಹೊಳೆದದ್ದು ಬೆಳಗಿನ ಹೊತ್ತು. ಏಳೂವರೆಯಿಂದ ಎಂಟೂಮುಕ್ಕಾಲರವರೆಗೆ ಅಭ್ಯಾಸ, ಆಮೇಲೆ ಪ್ರಾರ್ಥನೆಯ ಗಂಟೆ. ಅದೊಂದು ಬದಲಾವಣೆಯಿಂದ ತಂಡ ನಿಂತಿತು. ಹೋಬಳಿ ಮಟ್ಟದಲ್ಲಿ ಹಲವು ವರ್ಷ ಗೆದ್ದೆವು, ತಾಲ್ಲೂಕಿನಲ್ಲೂ ಗೆದ್ದದ್ದುಂಟು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ದೂರದ ಹಳ್ಳಿಯ ಹುಡುಗಿಯರೂ ಬೆಳಗಿನ ಅಭ್ಯಾಸಕ್ಕೆ ಬರತೊಡಗಿದರು.

ಆದರೆ ಒಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಎಸ್.ಎಸ್.ಎಲ್.ಸಿ. ಮುಗಿದ ದಿನಕ್ಕೆ ಆ ಹುಡುಗಿಯರ ಆಟವೂ ಮುಗಿಯುತ್ತಿತ್ತು. ಪ್ರತಿ ವರ್ಷ ಹೀಗೆಯೇ. ಚೆನ್ನಾಗಿ ಲಿಫ್ಟ್ ಮಾಡುತ್ತಿದ್ದ ಒಬ್ಬಳು ಮರುವರ್ಷ ಅದೇ ರಸ್ತೆಯಲ್ಲಿ ಟಿಫಿನ್ ಡಬ್ಬಿ ಹಿಡಿದು ಕಾರ್ಖಾನೆಗೆ ಹೋಗುತ್ತಾ ಸಿಕ್ಕಳು. ದುಡಿಯುವುದು ಮರ್ಯಾದೆಯ ಕೆಲಸ, ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಆದರೆ ಆಯ್ಕೆಯೇ ಇಲ್ಲದೆ ಹೋದದ್ದು ಬೇಸರದ ಸಂಗತಿ. ಅವಳ ಜೊತೆಗೆ ಆಡುತ್ತಿದ್ದ ಹುಡುಗರಲ್ಲಿ ಕೆಲವರು ಇಂದಿಗೂ ಭಾನುವಾರ ಟೂರ್ನಮೆಂಟ್ ಆಡುತ್ತಾರೆ.

ಕೇರಳದಲ್ಲಿ ಹೀಗಾಗಲಿಲ್ಲ. ಅಲ್ಲಿ ಶಾಲೆಯಿಂದ ಕಾಲೇಜು ತಂಡಕ್ಕೆ, ಅಲ್ಲಿಂದ ವಿದ್ಯುತ್ ಮಂಡಳಿಗೋ ರೈಲ್ವೆಗೋ ಹೋಗುವ ದಾರಿಯಿದೆ. ರಾಷ್ಟ್ರೀಯ ಮಹಿಳಾ ವಾಲಿಬಾಲ್‌ನಲ್ಲಿ ಕೇರಳ ಮತ್ತು ರೈಲ್ವೆ ತಂಡಗಳೇ ಬಹುಕಾಲ ಮುಂದಿರುವುದಕ್ಕೆ ಈ ಮೆಟ್ಟಿಲುಗಳೇ ಕಾರಣ. ಆಟದ ಕೊನೆಗೆ ಓದು ಅಥವಾ ಉದ್ಯೋಗ ಕಾಣುತ್ತಿದ್ದರೆ ತಂದೆತಾಯಂದಿರು ತಡೆಯುವುದಿಲ್ಲ. ನಮ್ಮ ರಾಜ್ಯದಲ್ಲೂ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ಶಾಲೆ ಮತ್ತು ನಿಲಯಗಳಿವೆ, ಕೆಲವು ಕಾಲೇಜುಗಳಲ್ಲಿ ಕ್ರೀಡಾಪಟುಗಳಿಗೆ ಸೀಟು ಮತ್ತು ಶುಲ್ಕ ವಿನಾಯಿತಿ ಇದೆ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲಿಯೇ ನಡೆಯಿತು, ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯವೇ ಪದಕ ಪಟ್ಟಿಯಲ್ಲಿ ಮೊದಲಾಯಿತು. ಮೆಟ್ಟಿಲುಗಳು ಹತ್ತಿರದಲ್ಲಿಯೇ ಇವೆ. ನಮ್ಮ ಹುಡುಗಿಯರಿಗೆ ಅವು ಇರುವ ಸುದ್ದಿ ತಲುಪುವುದಿಲ್ಲ, ಆಯ್ಕೆ ಶಿಬಿರದ ದಿನ ಕರೆದುಕೊಂಡು ಹೋಗುವವರು ಇರುವುದಿಲ್ಲ.

ಸುವರ್ಣ ಮಹೋತ್ಸವದ ನಿಧಿ

ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಉದಾರವಾಗಿ ಹಣ ಕೊಟ್ಟಿದ್ದಾರೆ. ಶಾಶ್ವತವಾದದ್ದೇನಾದರೂ ಮಾಡಬೇಕೆಂದು ಚರ್ಚೆ ನಡೆದಿದೆ. ಶಾಲೆಯ ಮುಂದೆ ಕಮಾನು ಕಟ್ಟಿಸಬೇಕೆಂಬುದು ಒಂದು ಸಲಹೆ, ಅಂಗಳದ ಒಂದು ಭಾಗದಲ್ಲಿ ದೊಡ್ಡ ರಂಗಮಂದಿರ ಕಟ್ಟಿಸಬೇಕೆಂಬುದು ಇನ್ನೊಂದು. ಎರಡೂ ಶಾಲೆಯ ಮೇಲಿನ ಪ್ರೀತಿಯಿಂದಲೇ ಬಂದ ಸಲಹೆಗಳು. ಕಮಾನಿಗೆ ನನ್ನ ವಿರೋಧವಿಲ್ಲ. ಆದರೆ ರಂಗಮಂದಿರಕ್ಕೆ ಗುರುತಿಸಿರುವ ಜಾಗ ಹುಡುಗಿಯರ ಅಂಕಣದ ಜಾಗ ಎಂಬುದನ್ನು ಸಮಿತಿಯವರ ಗಮನಕ್ಕೆ ತರಬಯಸುತ್ತೇನೆ. ಕಟ್ಟಡವನ್ನು ಬೇರೆ ಮೂಲೆಯಲ್ಲಿ ಕಟ್ಟಬಹುದು. 18 ಮೀಟರಿಗೆ 9 ಮೀಟರ್ ಸಮತಟ್ಟಾದ, ಸುತ್ತ ಒಂದಿಷ್ಟು ಬಯಲಿರುವ ನೆಲ ಈ ಸುತ್ತಿನಲ್ಲಿ ಮತ್ತೆ ಸಿಗುವುದಿಲ್ಲ.

ಹವಾಯಿಯ ಇತಿಹಾಸದಿಂದ ನಾನು ತಿಳಿದುಕೊಂಡದ್ದು ಇಷ್ಟು. ಅವರಿಗೆ ಆರಂಭದಲ್ಲಿ ದೊಡ್ಡ ಹಣ ಇರಲಿಲ್ಲ, ಆದರೆ ಸ್ವಲ್ಪ ಹಣ ಪ್ರತಿ ವರ್ಷ ತಪ್ಪದೆ ಸಿಕ್ಕಿತು. ತರಬೇತುದಾರ ಬಿಟ್ಟುಹೋಗಲಿಲ್ಲ. ಊರಿನ ಜನ ಪಂದ್ಯ ನೋಡಲು ಬಂದರು. ಆಡಿದ ಹುಡುಗಿಗೆ ಮುಂದಿನ ಓದಿನ ದಾರಿ ಇತ್ತು. ಇವುಗಳಲ್ಲಿ ನಮ್ಮಿಂದ ಆಗದಂಥದ್ದು ಯಾವುದೂ ಇಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ, ಗ್ರಾಮಸ್ಥರಲ್ಲಿ ನನ್ನ ವಿನಂತಿಗಳು ನಾಲ್ಕು. ಒಂದು, ಆ ಅಂಕಣವನ್ನು ಉಳಿಸಿ, ಸಮಮಾಡಿಸಿ, ಪಕ್ಕದಲ್ಲಿ ಹುಡುಗಿಯರು ಬಟ್ಟೆ ಬದಲಿಸಲು ಒಂದು ಕೋಣೆ ಮತ್ತು ನೀರಿರುವ ಶೌಚಾಲಯ ಕಟ್ಟಿಸೋಣ. ಎರಡು, ನಿಧಿಯ ಒಂದು ಪಾಲನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಿಂದ ಬೆಳಗಿನ ತರಬೇತಿಗೆ ಬರುವ ಒಬ್ಬರಿಗೆ ಗೌರವಧನ ಕೊಡೋಣ. ನಮ್ಮ ಹಳೆಯ ಆಟಗಾರ್ತಿಯರಲ್ಲೇ ಒಬ್ಬರು ಬಂದರೆ ಇನ್ನೂ ಚೆನ್ನ. ಮೂರು, ಪ್ರತಿ ವರ್ಷ ಹತ್ತನೆಯ ತರಗತಿ ಮುಗಿಸುವ ಆಟಗಾರ್ತಿಯರ ಪಟ್ಟಿ ಮಾಡಿ, ಕ್ರೀಡಾ ವಸತಿ ನಿಲಯದ ಆಯ್ಕೆಗೆ, ಪಿ.ಯು. ಕಾಲೇಜಿನ ಕ್ರೀಡಾ ಸೀಟಿಗೆ ಅರ್ಜಿ ಹಾಕಿಸುವ ಹೊಣೆಯನ್ನು ಸಂಘದ ಇಬ್ಬರು ವಹಿಸಿಕೊಳ್ಳಲಿ. 2014ರಿಂದ ಪೀಣ್ಯಕ್ಕೆ ಮೆಟ್ರೊ ಇದೆ, 2023ರಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆ. ಹೋಗಿಬರುವ ಖರ್ಚು ಈಗ ನೆಪವಾಗಬೇಕಿಲ್ಲ. ನಾಲ್ಕು, ವರ್ಷಕ್ಕೊಮ್ಮೆ ರಾಜ್ಯೋತ್ಸವದ ವಾರದಲ್ಲಿ ಹುಡುಗಿಯರ ಪಂದ್ಯವನ್ನು ಭಾನುವಾರ ಇಟ್ಟು, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರೂ ಕುಳಿತು ನೋಡುವಂತೆ ಮಾಡೋಣ. ಮಗಳು ಆಡುವುದನ್ನು ಒಮ್ಮೆಯೂ ನೋಡದ ತಾಯಂದಿರು ನಮ್ಮ ಊರಿನಲ್ಲಿ ಬಹಳ ಮಂದಿ ಇದ್ದಾರೆ.

ಈ ಶಾಲೆಯಲ್ಲಿ ಓದಿ ಆಡಿದ ಹುಡುಗಿಯರಲ್ಲಿ ಅನೇಕರು ಇಂದು ತಾಯಂದಿರಾಗಿದ್ದಾರೆ, ಕೆಲವರ ಹೆಣ್ಣುಮಕ್ಕಳು ಇದೇ ಶಾಲೆಗೆ ಎಂಟನೆಯ ತರಗತಿಗೆ ಸೇರಿದ್ದಾರೆ. ಅವರಿಗೆ ಕೆಳಗಿನ ಕೊಕ್ಕೆ ಇರುವ ಕಂಬ, ಸಮವಾದ ನೆಲ, ಬೆಳಗ್ಗೆ ಏಳೂವರೆಗೆ ಕಾಯುವ ಒಬ್ಬ ತರಬೇತುದಾರರು ಸಿಗಲಿ ಎಂದು ಹಾರೈಸುತ್ತೇನೆ.